ಬೆಳ್ಳಿಯನ್ನು ಕೇಳಿದವರು ಯಾರು?

"ಇದನ್ನು ಮೊದಲು ಯಾರ ಮಕ್ಕಳಿಗೆ ಕೊಟ್ಟಿದ್ದಾರೆ ಟೀಚರೇ?"

ಅಳದಂಗಡಿ ಪೇಟೆಯಿಂದ ಸ್ವಲ್ಪ ಒಳಗೆ, ಒಂದು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತ ಕೂತಿದ್ದ ಹೆಂಗಸೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಇದು. ತಡ್ಪೆ ಮಡಿಲಲ್ಲಿತ್ತು, ಕೈ ಎಲೆ ಸುತ್ತುತ್ತಿತ್ತು. ನಮ್ಮ ಕೈಯಲ್ಲಿ ಗರ್ಭಕಂಠದ ಕ್ಯಾನ್ಸರಿನ ಲಸಿಕೆಯ ಬಗ್ಗೆ ಯಾರೋ ಅಚ್ಚು ಹಾಕಿಸಿ ಹಂಚಿದ್ದ ಕರಪತ್ರ ಇತ್ತು. ನಾವು ನಾಲ್ಕು ಜನ, ನಮ್ಮಲ್ಲಿ ಮೂವರು ಶಾಲೆಯಲ್ಲಿ ಪಾಠ ಮಾಡುವವರು, ಅದನ್ನು ಓದಿ ಹೇಳಿ ಮುಗಿಸಿದ್ದೆವು. ಇನ್ನು ಅವರು ತಲೆ ಆಡಿಸುತ್ತಾರೆ ಅಂತ ಕಾದಿದ್ದೆವು. ಅವರು ತಲೆ ಆಡಿಸಲಿಲ್ಲ, ಪ್ರಶ್ನೆ ಕೇಳಿದರು. ಕೇಳಿ ಮತ್ತೊಂದು ಎಲೆ ಎತ್ತಿಕೊಂಡರು.

ಈ ಪ್ರಶ್ನೆಗೆ ಕರಪತ್ರದಲ್ಲಿ ಉತ್ತರ ಇರಲಿಲ್ಲ. ಇರಬೇಕಾಗಿತ್ತು ಅಂತ ಅದನ್ನು ಬರೆದವರಿಗೆ ಹೊಳೆದಿರಲಿಕ್ಕೂ ಇಲ್ಲ. ಆರೋಗ್ಯದ ಬಗ್ಗೆ ಬರೆಯುವವರ ಭಾಷೆಯಲ್ಲಿ ಇಂಥ ಹೆಂಗಸಿಗೆ ಒಂದು ಹೆಸರು ಉಂಟು: ಹಿಂಜರಿಕೆಯುಳ್ಳ ಪೋಷಕಿ. ಹಿಂಜರಿಕೆಗೆ ಕಾರಣಗಳನ್ನೂ ಅವರು ಪಟ್ಟಿ ಮಾಡಿಟ್ಟಿದ್ದಾರೆ. ಅಜ್ಞಾನ, ಮೂಢನಂಬಿಕೆ, ವದಂತಿ, ನಾಚಿಕೆ. ಪರಿಹಾರವೂ ಸಿದ್ಧವಾಗಿದೆ: ಅರಿವು ಮೂಡಿಸುವುದು. ಅಂದರೆ ಅರಿವು ಒಂದು ಕಡೆ ತುಂಬಿಕೊಂಡಿದೆ, ಅದನ್ನು ಇನ್ನೊಂದು ಕಡೆಗೆ ಸುರಿಯಬೇಕು. ನೂರಾರು ವರ್ಷ ಅಕ್ಷರವನ್ನು ಬಚ್ಚಿಟ್ಟುಕೊಂಡವರು ಈಗ ಅರಿವು ಸುರಿಯಲಿಕ್ಕೆ ಹೊರಟಿದ್ದಾರೆ, ಪಾತ್ರೆ ಬೋರಲಾಗಿದೆ ಅಂತ ದೂರುತ್ತಿದ್ದಾರೆ.

ನಾವು ಇಲ್ಲಿ ಆ ಕರಪತ್ರವನ್ನೇ ವಿಮರ್ಶೆಗೆ ಎತ್ತಿಕೊಳ್ಳುತ್ತೇವೆ. ಕರಪತ್ರವನ್ನು ವಿಮರ್ಶೆ ಮಾಡುವುದುಂಟೇ ಅಂತ ಕೆಲವು ಗೆಳೆಯರು ಕೇಳಬಹುದು. ನಮ್ಮಲ್ಲಿ ಕವನ ಸಂಕಲನ ಐನೂರು ಪ್ರತಿ ಅಚ್ಚಾಗುತ್ತದೆ, ಮುನ್ನೂರು ಅಟ್ಟದ ಮೇಲೆ ಕೂರುತ್ತದೆ. ಕರಪತ್ರ ಪ್ರತಿ ಶಾಲೆಗೂ ಹೋಗುತ್ತದೆ. ಜನರ ಬದುಕಿನ ಮೇಲೆ ಕೈ ಇಡುವ ಬರವಣಿಗೆಯನ್ನು ಬಿಟ್ಟು ವಿಮರ್ಶೆ ಇನ್ನೇನು ಮಾಡಬೇಕು?

ರೋಗದ ವಿಷಯವನ್ನು ಮೊದಲು ನೇರವಾಗಿ ಹೇಳಿಬಿಡೋಣ, ಯಾಕಂದರೆ ಅದರಲ್ಲಿ ನಮಗೆ ಅನುಮಾನವಿಲ್ಲ. ಗರ್ಭಚೀಲದ ಬಾಯಲ್ಲಿ ಆಗುವ ಕ್ಯಾನ್ಸರ್ ಇದು. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ ಎನ್ನುವ ವೈರಸ್ಸು ಹಲವು ವರ್ಷ ಮೈಯಲ್ಲಿ ಉಳಿದುಬಿಟ್ಟರೆ ಬರುತ್ತದೆ. ಈ ವೈರಸ್ಸಿನ ನಮೂನೆಗಳು ಬಹಳ. ಅವುಗಳಲ್ಲಿ 16 ಮತ್ತು 18ನೆಯವು ನೂರಕ್ಕೆ ಸುಮಾರು 70 ಪ್ರಕರಣಗಳಿಗೆ ಕಾರಣ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1,27,000 ಹೆಂಗಸರಿಗೆ ಈ ರೋಗ ಬಂತು, ಸುಮಾರು 80,000 ಮಂದಿ ಸತ್ತರು. ಜಗತ್ತಿನಲ್ಲಿ ಸತ್ತವರು ಸುಮಾರು ಮೂರೂವರೆ ಲಕ್ಷ. ಅವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ರೋಗಕ್ಕೆ ಜಾತಿ ವರ್ಗ ಇಲ್ಲ ಅನ್ನುವವರು ಈ ಅಂಕಿಯನ್ನು ಒಮ್ಮೆ ನೋಡಲಿ. ಬೇಗ ಪತ್ತೆಯಾದರೆ ಗುಣವಾಗುವ ರೋಗದಲ್ಲಿ ಸಾಯುವವರು ಯಾರು? ಪರೀಕ್ಷೆಯ ಕೋಣೆಯ ತನಕ ತಲುಪದವರು.

ಲಸಿಕೆಯಲ್ಲಿ ಜೀವ ಇರುವ ವೈರಸ್ಸಿಲ್ಲ. ವೈರಸ್ಸಿನ ಹೊರಗಿನ ಚಿಪ್ಪಿನ ಹಾಗೆ ಇರುವ ಪ್ರೋಟೀನು ಮಾತ್ರ. ವೈರಸ್ಸು ಮೈಗೆ ಸೇರುವ ಮೊದಲೇ ಕೊಟ್ಟರೆ ಕೆಲಸ ಮಾಡುತ್ತದೆ, ಸೇರಿದ ಮೇಲೆ ಅದನ್ನು ಓಡಿಸುವುದಿಲ್ಲ. ಅದಕ್ಕೇ 9ರಿಂದ 14ರ ವಯಸ್ಸು. ಒಂದೇ ಸೂಜಿಯಾದರೂ ಸಾಕಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ತೋಳು ನೋಯುತ್ತದೆ, ಕೆಲವು ಹುಡುಗಿಯರಿಗೆ ತಲೆ ತಿರುಗುತ್ತದೆ, ಹದಿನೈದು ನಿಮಿಷ ಕೂರಿಸಬೇಕು. ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು. ಸ್ಕಾಟ್ಲೆಂಡಿನಲ್ಲಿ 12-13ರ ವಯಸ್ಸಿನಲ್ಲಿ ಶಾಲೆಯಲ್ಲೇ ಲಸಿಕೆ ಪಡೆದ ಹುಡುಗಿಯರನ್ನು ವರ್ಷಗಟ್ಟಲೆ ನೋಡಿ 2024ರಲ್ಲಿ ವರದಿ ಪ್ರಕಟಿಸಿದರು: ಅವರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿಲ್ಲ. ಇಷ್ಟು ಒಳ್ಳೆಯ ವಸ್ತುವನ್ನು ಒಬ್ಬ ತಾಯಿ ಯಾಕೆ ತಡೆದು ಪ್ರಶ್ನಿಸುತ್ತಾಳೆ ಅನ್ನುವುದು ಈಗ ನಿಜವಾದ ವಿಷಯ.

ವಿದ್ವಾಂಸರು ಇದನ್ನು 'ಸ್ವೀಕಾರ' ಅನ್ನುತ್ತಾರೆ. ಸ್ವೀಕಾರವನ್ನು ಅಳೆಯುವ ಅಧ್ಯಯನಗಳು ನಮ್ಮ ರಾಜ್ಯದಲ್ಲೂ ನಡೆದಿವೆ. ಮೈಸೂರಿನಲ್ಲಿ ಶಾಲಾ ಹುಡುಗಿಯರ ತಂದೆತಾಯಿಯರನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೆ ಸುಮಾರು 70 ಮಂದಿ ಮಗಳಿಗೆ ಲಸಿಕೆ ಹಾಕಿಸುತ್ತೇವೆ ಅಂದಿದ್ದರು. ಇದು ಅಜ್ಞಾನಿಗಳ ನಾಡು ಅನ್ನುವವರಿಗೆ ಅಲ್ಲೇ ಉತ್ತರ ಇದೆ. ಎಪ್ಪತ್ತು ಮಂದಿ ಕೈ ನೀಡಿದ್ದರು, ಸೂಜಿ ಬರಲಿಲ್ಲ. ಆಗ ಅದು ಖಾಸಗಿ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. ಸಾವಿರ ಬೀಡಿಗೆ ಮಜೂರಿ ಎಷ್ಟು, ಎಷ್ಟು ಸಾವಿರ ಬೀಡಿ ಬ್ರಾಂಚಿಗೆ ಕೊಟ್ಟರೆ ಒಂದು ಸೂಜಿ, ಈ ಲೆಕ್ಕವನ್ನು ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆಯ ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕೊಳ್ಳಲಾಗದವನನ್ನು ಕರೆದು "ನೀನು ಸ್ವೀಕರಿಸುತ್ತೀಯಾ?" ಅಂತ ಕೇಳುವುದು ಎಂಥ ಪ್ರಶ್ನೆ!

ಇನ್ನೊಂದು ಮಾತು. ಸಂಶಯ ಅನಕ್ಷರಸ್ಥರ ಕಾಯಿಲೆ ಅನ್ನುವುದು ಶುದ್ಧ ಸುಳ್ಳು. ಜಪಾನಿನಂಥ ದೇಶದಲ್ಲಿ 2013ರಲ್ಲಿ ಅಡ್ಡಪರಿಣಾಮಗಳ ಸುದ್ದಿ ಪತ್ರಿಕೆ, ಟಿ.ವಿ.ಗಳಲ್ಲಿ ಹಬ್ಬಿ, ಸರ್ಕಾರವೇ ಶಿಫಾರಸು ಮಾಡುವುದನ್ನು ನಿಲ್ಲಿಸಿತು. ನೂರಕ್ಕೆ ಎಪ್ಪತ್ತರಷ್ಟಿದ್ದ ಲಸಿಕೆ ಒಂದಕ್ಕಿಂತಲೂ ಕೆಳಗೆ ಬಿತ್ತು. ಮತ್ತೆ ಶಿಫಾರಸು ಶುರುವಾದದ್ದು 2022ರಲ್ಲಿ. ಜಪಾನಿನ ತಾಯಿ ಹೆದರಿದರೆ ಅದು ಸಾರ್ವಜನಿಕ ಅಭಿಪ್ರಾಯ, ಅಳದಂಗಡಿಯ ಬೀಡಿ ಕಟ್ಟುವ ತಾಯಿ ಕೇಳಿದರೆ ಅದು ಮೂಢನಂಬಿಕೆ!

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೊದಲು ಯಾರ ಮಕ್ಕಳಿಗೆ?

ಹೊರದೇಶಗಳ ಮಟ್ಟಿಗೆ ಉತ್ತರ ಸುಲಭ. ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು, ಆಸ್ಟ್ರೇಲಿಯದಲ್ಲಿ 2007ರಿಂದ ಶಾಲೆಗಳಲ್ಲಿ ಕೊಟ್ಟರು. ಭಾರತದಲ್ಲಿ 2008ರಲ್ಲಿ ಪರವಾನಗಿ ಸಿಕ್ಕಿತು, ದುಡ್ಡಿದ್ದವರು ಕೊಂಡರು. ಆದರೆ ಈ ದೇಶದಲ್ಲಿ ದುಡ್ಡಿಲ್ಲದೆ, ಸಾವಿರಗಟ್ಟಲೆ, ಮೊದಲು ಕೊಟ್ಟದ್ದು ಯಾರಿಗೆ? ಈ ಪ್ರಶ್ನೆ ಕೇಳಿದರೆ ನಾವು ಖಮ್ಮಮ್ಮಿಗೆ ಹೋಗಲೇಬೇಕು.

2009ರಲ್ಲಿ, ಅಂದಿನ ಅವಿಭಜಿತ ಆಂಧ್ರದ ಖಮ್ಮಮ್ ಜಿಲ್ಲೆಯ ಮೂರು ಮಂಡಲಗಳಲ್ಲಿ, ಭದ್ರಾಚಲವೂ ಅದರಲ್ಲೊಂದು, ಮತ್ತು ಗುಜರಾತಿನ ವಡೋದರಾದಲ್ಲಿ, ಅಮೆರಿಕದ 'ಪಾತ್' ಎಂಬ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳ ಜೊತೆ ಸೇರಿ ಸುಮಾರು 24,000 ಹುಡುಗಿಯರಿಗೆ ಈ ಲಸಿಕೆ ಕೊಡಿಸಿತು. ಪ್ರಾಯ 10ರಿಂದ 14. ಖಮ್ಮಮ್ಮಿನಲ್ಲಿ ಬಹಳ ಮಂದಿ ಆದಿವಾಸಿ ಮಕ್ಕಳು, ದಲಿತ ಮಕ್ಕಳು, ಆಶ್ರಮ ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಇದ್ದವರು. ತಂದೆತಾಯಿ ದೂರದ ಹಾಡಿಯಲ್ಲಿ, ಮಗಳು ಹಾಸ್ಟೆಲಿನಲ್ಲಿ. ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಸಹಿ ಯಾರು ಮಾಡಿದರು? ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿಯಲ್ಲಿ ಲೆಕ್ಕ ಇದೆ. ಆಂಧ್ರದ 9,543 ಪತ್ರಗಳನ್ನು ನೋಡಿದರೆ 1,948ರಲ್ಲಿ ಹೆಬ್ಬೆಟ್ಟು, 2,763ರಲ್ಲಿ ಹಾಸ್ಟೆಲ್ ವಾರ್ಡನ್ನರ ಸಹಿ.

ಗೆಳೆಯರೇ, ಈ ಒಪ್ಪಿಗೆ ಪತ್ರವನ್ನು ಒಂದು ಕೃತಿ ಅಂತ ಓದಿ. ಅದರಲ್ಲಿ 'ನಾನು' ಅನ್ನುವ ಪದ ಇರುತ್ತದೆ. ನಾನು ತಿಳಿದುಕೊಂಡಿದ್ದೇನೆ, ನಾನು ಒಪ್ಪಿದ್ದೇನೆ. ಆ 'ನಾನು' ಯಾರು? ಹುಡುಗಿ ಅಲ್ಲ. ಅವಳ ಅವ್ವ ಅಲ್ಲ. ಸಂಬಳ ತಗೊಳ್ಳುವ ವಾರ್ಡನ್ನು. ದಲಿತರ ಪರವಾಗಿ ಇನ್ನೊಬ್ಬ 'ನಾನು' ಅನ್ನುವುದು ನಮ್ಮ ಸಾಹಿತ್ಯದಲ್ಲಿ ಹಳೆಯ ಜಗಳ. ಕಾದಂಬರಿಯಲ್ಲಿ ಅದು ಅನುಕಂಪ ಅನ್ನಿಸಿಕೊಳ್ಳುತ್ತದೆ, ಆಸ್ಪತ್ರೆಯ ಕಾಗದದಲ್ಲಿ ಅದೇ ಒಪ್ಪಿಗೆ ಅನ್ನಿಸಿಕೊಳ್ಳುತ್ತದೆ.

ಆ ಅವಧಿಯಲ್ಲಿ ಏಳು ಹುಡುಗಿಯರು ಸತ್ತರು, ಆಂಧ್ರದಲ್ಲಿ ಐದು, ಗುಜರಾತಿನಲ್ಲಿ ಎರಡು. ಮಹಿಳಾ ಸಂಘಟನೆಗಳು ದನಿ ಎತ್ತಿದವು, 2010ರ ಎಪ್ರಿಲಿನಲ್ಲಿ ಯೋಜನೆ ನಿಂತಿತು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಅಂತ ತನಿಖೆ ಹೇಳಿತು. ನಾವು ಅದನ್ನು ಒಪ್ಪುತ್ತೇವೆ. ಆದರೆ ಲಸಿಕೆಯನ್ನು ಬಿಡುಗಡೆ ಮಾಡಿದ ಆ ಕಾರಣಗಳ ಪಟ್ಟಿಯನ್ನೇ ಒಮ್ಮೆ ಓದಿ: ಮಲೇರಿಯಾ, ಹಾವಿನ ಕಡಿತ, ನೀರಿಗೆ ಬಿದ್ದದ್ದು, ಕೀಟನಾಶಕ ಕುಡಿದದ್ದು. ಹತ್ತು ಹನ್ನೆರಡು ವರ್ಷದ ಮಕ್ಕಳು ಕೀಟನಾಶಕ ಕುಡಿಯುವ, ಮಲೇರಿಯಾದಲ್ಲಿ ಸಾಯುವ ಊರಿಗೆ ಮೂವತ್ತು ವರ್ಷ ಬಿಟ್ಟು ಬರಬಹುದಾದ ಕ್ಯಾನ್ಸರಿನ ಸೂಜಿ ಸೀಯಾಟಲ್‌ನಿಂದ ಬಂದು ತಲುಪಿತು. ಮಲೇರಿಯಾದ ಮಾತ್ರೆ ಸಕಾಲಕ್ಕೆ ಪಕ್ಕದ ಊರಿನಿಂದ ತಲುಪಲಿಲ್ಲ. ತಾಯಂದಿರ ಅನುಮಾನದ ಬೇರು ಇರುವುದು ಇಲ್ಲಿ.

ಖಮ್ಮಮ್ ಒಂದೇ ಅಲ್ಲ. ನಮ್ಮ ಕಲಬುರಗಿ, ಬೀದರಿನ ಆಚೆಗೆ ಮರಾಠವಾಡದ ಉಸ್ಮಾನಾಬಾದ್ ಇದೆ, ಈಗ ಧಾರಾಶಿವ ಅನ್ನುತ್ತಾರೆ. ಅಲ್ಲಿ ಇದೇ ಕ್ಯಾನ್ಸರಿನ ತಪಾಸಣೆಯ ಬಗ್ಗೆ ಸುಮಾರು 1,30,000 ಹಳ್ಳಿ ಹೆಂಗಸರ ಮೇಲೆ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಕೆಲವರಿಗೆ ತಪಾಸಣೆ, ಸುಮಾರು 31,000 ಮಂದಿಯ ಒಂದು ಗುಂಪಿಗೆ ತಪಾಸಣೆ ಇಲ್ಲ, ಸುಮ್ಮನೆ ಎಣಿಸುವುದು. ಉಸ್ಮಾನಾಬಾದ್, ಮುಂಬೈಯ ಕೊಳೆಗೇರಿ, ತಮಿಳುನಾಡಿನ ದಿಂಡಿಗಲ್, ಈ ಮೂರೂ ಕಡೆಯ ಅಧ್ಯಯನಗಳ ತಪಾಸಣೆ ಇಲ್ಲದ ಗುಂಪುಗಳಲ್ಲಿ 254 ಹೆಂಗಸರು ಈ ಕ್ಯಾನ್ಸರಿನಿಂದ ಸತ್ತರು ಅಂತ ಲೆಕ್ಕ. ತಪಾಸಣೆ ಜೀವ ಉಳಿಸುತ್ತದೆ ಅಂತ ಜಗತ್ತಿಗೆ ಬಹಳ ಹಿಂದೆಯೇ ಗೊತ್ತಿತ್ತು. ಇದಕ್ಕೂ ಹಿಂದೆ, 1951ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಂಗಸು ಇದೇ ರೋಗದಲ್ಲಿ ಸತ್ತಳು. ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬೆಳೆದವಳು. ಅವಳನ್ನು ಕೇಳದೆ ತೆಗೆದ ಜೀವಕೋಶಗಳು ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲೇ 18ನೆಯ ನಮೂನೆಯ ಎಚ್‌ಪಿವಿ ಇರುವುದನ್ನು ಆಮೇಲೆ ಕಂಡುಕೊಂಡರು. ಈ ವೈರಸ್ಸಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿದ ಹೆರಾಲ್ಡ್ ಸುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಬಂತು. ಬರಲಿ, ಬರಬೇಕಾದದ್ದೇ. ಆದರೆ ಹೊಗೆಸೊಪ್ಪು ತುಂಬಿ ಬೀಡಿ ಕಟ್ಟುವ ನಮ್ಮ ಅಕ್ಕ, "ಮೊದಲು ಯಾರಿಗೆ?" ಅಂತ ಕೇಳಿದಾಗ ಹೊಗೆಸೊಪ್ಪಿನ ಹೊಲದ ಆ ಇನ್ನೊಬ್ಬ ಅಕ್ಕನ ಹೆಸರು ಗೊತ್ತಿಲ್ಲದೆಯೇ ಅವಳ ಪರವಾಗಿಯೂ ಕೇಳಿದರು ಅಂತ ನಮಗೆ ಅನ್ನಿಸಿತು.

ಇದೆಲ್ಲ ದೂರದ ಮಾತು ಅನ್ನುವವರಿಗೆ ಹತ್ತಿರದ್ದೂ ಉಂಟು. ನಮ್ಮ ಜಿಲ್ಲೆಯಲ್ಲಿ 'ಮದ್ದು' ಅನ್ನುವ ಪದಕ್ಕೆ ಎಷ್ಟು ಅರ್ಥ ಉಂಟು ನೋಡಿ. ಜ್ವರಕ್ಕೆ ಕುಡಿಯುವುದು ಮದ್ದು. ಅಡಿಕೆಗೆ ಬಿಡುವುದು ಮದ್ದು. ಯಾರೋ ಅನ್ನದಲ್ಲಿ ಹಾಕಿ ಕೊಟ್ಟರು ಅನ್ನುವುದೂ ಮದ್ದೇ. ಇದೇ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯ ಕಡೆ ಸರ್ಕಾರದ ಗೇರು ತೋಟಕ್ಕೆ 1980ರ ದಶಕದಿಂದ 2000ದ ಹೊತ್ತಿನ ತನಕ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ ಎಂಡೋಸಲ್ಫಾನೂ ಮದ್ದೇ ಆಗಿತ್ತು. ಎಲ್ಲವೂ ಸುರಕ್ಷಿತ ಅಂತ ಆಗಲೂ ಹೇಳಿದ್ದರು. ಕೈಕಾಲು ಬಾರದೆ ಹುಟ್ಟಿದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದರು. ನಿಷೇಧ ಬಂದದ್ದು 2011ರಲ್ಲಿ. ಅದಕ್ಕೂ ಮೊದಲು, 1982-83ರಲ್ಲಿ, ಗೇರು ನೆಡಲಿಕ್ಕೆ ಅಂತ ಇದೇ ಕಡೆ ಕಾಡು ಕಡಿದಾಗ ಮಂಗನಕಾಯಿಲೆ ಎದ್ದು ಜನ ಸತ್ತರು. ಆ ಕಾಯಿಲೆಗೆ ಮಲೆನಾಡಿನಲ್ಲಿ ವರ್ಷಗಟ್ಟಲೆ ಸೂಜಿ ಹಾಕಿದರು. ಜನ ತೋಳು ಊದಿಸಿಕೊಂಡು, ಕೂಲಿ ಬಿಟ್ಟು, ಮತ್ತೆ ಮತ್ತೆ ಹೋಗಿ ಹಾಕಿಸಿಕೊಂಡರು. 2022ರಲ್ಲಿ ಆ ಲಸಿಕೆಗೆ ಸಾಕಷ್ಟು ಶಕ್ತಿಯಿಲ್ಲ ಅಂತ ನಿಲ್ಲಿಸಲಾಯಿತು. ಅಲ್ಲಿ ಜನ ಸ್ವೀಕಾರ ಕೊಟ್ಟಿದ್ದರು. ಹಾಗಾದರೆ ತಪ್ಪಿದವರು ಯಾರು? ತುರ್ತುಪರಿಸ್ಥಿತಿಯ ಕಾಲದ ಒಂದೇ ವರ್ಷ, 1976-77ರಲ್ಲಿ, ಈ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಮಾಡಿದರು. ಎಷ್ಟೋ ಕಡೆ ಮೇಷ್ಟ್ರುಗಳಿಗೇ 'ಕೇಸು' ತರುವ ಗುರಿ ಕೊಟ್ಟು ಸಂಬಳ ಹಿಡಿದಿದ್ದರು. ಈ ಸೂಜಿ ಚುಚ್ಚಿದರೆ ಮಕ್ಕಳಾಗುವುದಿಲ್ಲವಂತೆ ಎಂಬ ಮಾತು ಇವತ್ತು ಸುಳ್ಳು. ಆದರೆ ಆ ಸುಳ್ಳಿಗೆ ಮಣ್ಣು ಹದ ಮಾಡಿಟ್ಟವರು ಬೀಡಿ ಕಟ್ಟುವ ಹೆಂಗಸರಲ್ಲ.

ಇನ್ನೂ ಆಳಕ್ಕೆ ಇಳಿದರೆ ಅಜಲು ಇದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ರೋಗವನ್ನು ಅವರ ಮೈಗೆ ದಾಟಿಸುವುದು. ಕಾನೂನು ಮಾಡಿ ನಿಷೇಧಿಸಬೇಕಾಗಿ ಬಂದದ್ದು 2000ದಲ್ಲಿ, ಹೊಸ ಶತಮಾನದ ಹೊಸ್ತಿಲಲ್ಲಿ! ಒಬ್ಬರ ಕಾಯಿಲೆಯನ್ನು ಇನ್ನೊಬ್ಬರ ಮೈಯಲ್ಲಿ ಇಟ್ಟು ನೋಡುವ ವಿದ್ಯೆ ಈ ನೆಲಕ್ಕೆ ಹೊಸತಲ್ಲ. ಹೊರಗಿನಿಂದ ಬಂದವರು ಬಿಳಿ ಕೋಟು ಹಾಕಿಕೊಂಡು "ನಿಮ್ಮ ಒಳ್ಳೆಯದಕ್ಕೇ" ಅಂದರೆ, ಆ ಮೈಗೆ ನೆನಪಿರುವುದು ಬೇರೆ ಏನೋ.

ಕರಪತ್ರಕ್ಕೆ ವಾಪಸು ಬರೋಣ. ಅದರಲ್ಲಿ ನುಣುಪು ಕೆನ್ನೆಯ, ಎರಡು ಜಡೆಯ, ಪೇಟೆಯ ಹುಡುಗಿಯ ಚಿತ್ರ. ಭಾಷೆ ಗ್ರಾಂಥಿಕ ಕನ್ನಡ, ಓದಿ ಹೇಳಿದ್ದು ತುಳು ಮಾತಾಡುವ ಮನೆಯಲ್ಲಿ. 'ಗರ್ಭಕಂಠ' ಅಂತ ಅಲ್ಲಿ ಯಾರೂ ಅನ್ನುವುದಿಲ್ಲ. ಬಿಳಿ ಹೋಗುತ್ತದೆ ಅಂತಾರೆ, ಸೊಂಟ ಸೀಳುತ್ತದೆ ಅಂತಾರೆ, ಮುಟ್ಟು ನಿಂತ ಮೇಲೂ ರಕ್ತ ಕಂಡಿತು ಅಂತ ಪಿಸುಗುಟ್ಟುತ್ತಾರೆ. ಈ ಯಾವ ಮಾತೂ ಕರಪತ್ರದಲ್ಲಿಲ್ಲ. ಮುಖ್ಯವಾಗಿ, ವೈರಸ್ಸು ಹೇಗೆ ಬರುತ್ತದೆ ಅನ್ನುವಲ್ಲಿ ಅದು ಬಾಯಿ ಮುಚ್ಚಿಕೊಂಡಿದೆ. ಗಂಡು ಹೆಣ್ಣಿನ ದೇಹ ಸಂಬಂಧದಿಂದ ಬರುತ್ತದೆ ಅಂತ ಬರೆಯಲು ನಾಚಿಕೆ. ಆದರೆ ಜಗಲಿಯಲ್ಲಿ ಕೂತವರಿಗೆ ಅದು ಹೇಗೋ ಗೊತ್ತಿತ್ತು. ಅವರಲ್ಲೊಬ್ಬರು ಹೇಳಿದರು, "ಒಳ್ಳೆ ಮನೆಯ ಹುಡುಗಿಗೆ ಇದು ಯಾಕೆ ಅಂತ ನಾಳೆ ಕೇಳ್ತಾರೆ ಮಾರಾಯ್ರೇ. ಹಾಕಿಸಿದವಳ ಮೇಲೆ ಒಂದು ಮಾತು ಬರ್ತದೆ." ಇದೇ ದೊಡ್ಡ ತಡೆ. ಒಬ್ಬನೇ ಗಂಡನೊಂದಿಗೆ ಬಾಳಿದವಳಿಗೂ ಈ ರೋಗ ಬರುತ್ತದೆ, ಯಾಕಂದರೆ ಗಂಡ ಎಲ್ಲಿಂದಲೋ ತರುತ್ತಾನೆ. ಇದನ್ನು ಹೇಳುವ ಒಂದು ಸಾಲು ಕರಪತ್ರದಲ್ಲಿದ್ದರೆ ಆ ಮಾತಿನ ಮುಳ್ಳು ಅರ್ಧ ಮುರಿಯುತ್ತಿತ್ತು. ಆಸ್ಟ್ರೇಲಿಯದಲ್ಲಿ 2013ರಿಂದ, ಬ್ರಿಟನ್ನಿನಲ್ಲಿ 2019ರಿಂದ ಗಂಡುಮಕ್ಕಳಿಗೂ ಈ ಲಸಿಕೆ ಕೊಡುತ್ತಾರೆ. ನಮ್ಮಲ್ಲಿ ಗಂಡಿನ ಹೆಸರನ್ನೇ ಎತ್ತುವುದಿಲ್ಲ. ಹೊತ್ತು ತರುವವನು ಅವನು, ಹಿಂಜರಿಕೆಯ ಪಟ್ಟ ಅವಳಿಗೆ.

ಕರಪತ್ರ ಬರೆದವರನ್ನು ಮಾತ್ರ ದೂರಿ ನಾವು ಪಾರಾಗುವಂತಿಲ್ಲ. ನಮ್ಮ ಸಾಹಿತ್ಯ ಏನು ಮಾಡಿದೆ? ಕನ್ನಡದಲ್ಲಿ ಇಬ್ಬರು ಬೆಳ್ಳಿಯರಿದ್ದಾರೆ. ಒಬ್ಬಳು 1933ರ 'ಚೋಮನ ದುಡಿ'ಯವಳು, ಈ ನಮ್ಮ ಜಿಲ್ಲೆಯವಳೇ. ಅಪ್ಪನ ಸಾಲ ತೀರಿಸಲಿಕ್ಕೆ ತೋಟಕ್ಕೆ ಹೋಗುತ್ತಾಳೆ, ಅಲ್ಲಿ ಅವಳ ಮೈಯೇ ಸಾಲಕ್ಕೆ ಜಮೆಯಾಗುತ್ತದೆ. ಇನ್ನೊಬ್ಬಳು 1965ರ 'ಸಂಸ್ಕಾರ'ದವಳು. ಅಗ್ರಹಾರದ ಹುಡುಗ ಶ್ರೀಪತಿ ಅವಳಲ್ಲಿಗೆ ಬಂದು ಹೋಗುತ್ತಾನೆ. ಅವಳ ಕೇರಿಯಲ್ಲಿ ಪ್ಲೇಗಿಗೆ ಜನ ಸಾಯುತ್ತಾರೆ, ಗುಡಿಸಲಿಗೆ ಬೆಂಕಿ ಬೀಳುತ್ತದೆ, ಅಗ್ರಹಾರ ಮಾತ್ರ ಒಂದು ಹೆಣದ ಸಂಸ್ಕಾರದ ಚರ್ಚೆಯಲ್ಲಿ ಮುಳುಗಿದೆ. ಎರಡೂ ದೊಡ್ಡ ಕಾದಂಬರಿಗಳೇ. ಕಾರಂತರು ಕಂಡಷ್ಟು ಹತ್ತಿರದಿಂದ ಚೋಮನ ಹಸಿವನ್ನು ಆಗ ಮತ್ಯಾರೂ ಕಂಡಿರಲಿಲ್ಲ. ಆದರೂ ಕೇಳಲೇಬೇಕು. ಎರಡು ಕಡೆಯೂ ಬೆಳ್ಳಿ ಪ್ರಾಯದ ಹುಡುಗಿ. ಎರಡು ಕಡೆಯೂ ಅವಳ ಮೈ ಇನ್ನೊಬ್ಬರ ಕಥೆ ಮುಂದೆ ಹೋಗಲಿಕ್ಕೆ ದಾರಿ. ನಲವತ್ತೈದನೆಯ ವಯಸ್ಸಿನಲ್ಲಿ ಬೆಳ್ಳಿಗೆ ಏನಾಯಿತು ಅಂತ ಯಾರೂ ಬರೆದಿಲ್ಲ. ತೋಟದ ರೈಟರು, ಸಾಹುಕಾರ, ಅಗ್ರಹಾರದ ಹುಡುಗ, ಇವರು ಅವಳ ಮೈಯಲ್ಲಿ ಬಿಟ್ಟುಹೋದದ್ದು ಹದಿನೈದು ಇಪ್ಪತ್ತು ವರ್ಷ ಕಳೆದು ಏನಾಗಿ ಎದ್ದಿತು? ಅವಳು ಯಾವ ಕೊಟ್ಟಿಗೆಯ ಮೂಲೆಯಲ್ಲಿ, ಯಾವ ವಾಸನೆಯ ಬಟ್ಟೆಯಲ್ಲಿ ಮಲಗಿ ಸತ್ತಳು? ಅಗ್ರಹಾರದ ಹೆಣಕ್ಕೆ ಒಂದು ಕಾದಂಬರಿಯೇ ಉಂಟು. ಬೆಳ್ಳಿಯ ಹೆಣಕ್ಕೆ ಒಂದು ವಾಕ್ಯ ಇಲ್ಲ.

ನಮ್ಮವರ ಬರವಣಿಗೆ ಬೇರೆಯೇ? ನಮ್ಮ ಕವಿತೆಗಳಲ್ಲಿ ಅವ್ವ ಬರುತ್ತಾಳೆ, ಅವಳ ಬೆವರು ಬರುತ್ತದೆ, ಹಸಿವು ಬರುತ್ತದೆ, ಸೀರೆಯ ತೇಪೆ ಬರುತ್ತದೆ. ಅವಳ ಬಿಳಿಸೆರಗು ಬರುವುದಿಲ್ಲ. ಅದು ಕಾವ್ಯಕ್ಕೆ ಹೊಲಸು ಅಂತ ನಮಗೂ ಅನ್ನಿಸಿತು. ಮಡಿಯನ್ನು ಬೈಯುತ್ತಲೇ ನಾವೂ ಒಂದು ಮಡಿ ಕಟ್ಟಿಕೊಂಡೆವು.

ಮತ್ತೆ ಖಮ್ಮಮ್ಮಿನ ಸುದ್ದಿ ಬಂದಾಗ? ಆಗ ನಮ್ಮಲ್ಲಿ ಹೆಚ್ಚಿನವರು ಸಭೆಗಳಲ್ಲಿ ಗಟ್ಟಿಯಾಗಿ ಕೂಗಿದ್ದು "ಲಸಿಕೆ ಬೇಡ" ಅಂತ. ಸಹಿಯ ಮೇಲಿನ ಸಿಟ್ಟನ್ನು ಸೂಜಿಯ ಮೇಲೆ ತೀರಿಸಿಕೊಂಡೆವು. ಬಹುರಾಷ್ಟ್ರೀಯ ಕಂಪನಿ, ಪ್ರಯೋಗದ ಇಲಿಗಳು, ಎಲ್ಲ ಮಾತೂ ಸಿದ್ಧವಾಗಿತ್ತು, ಅದರಲ್ಲಿ ಅರ್ಧ ನಿಜವೂ ಇತ್ತು. ಇನ್ನರ್ಧ ಏನು? ಆ ವರ್ಷಗಳಲ್ಲಿ ಪೇಟೆಯ ಡಾಕ್ಟರರ, ಪ್ರೊಫೆಸರರ ಹೆಣ್ಣುಮಕ್ಕಳಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಸದ್ದಿಲ್ಲದೆ ಅದೇ ಸೂಜಿ ಬೀಳುತ್ತಿತ್ತು. ನಮ್ಮ ಸಭೆಗಳಿಗೆ ಬಂದು ಭಾಷಣ ಮಾಡಿದವರಲ್ಲೂ ಕೆಲವರು ಮಗಳಿಗೆ ಹಾಕಿಸಿದ್ದರು, ಆಮೇಲೆ ನಮಗೆ ಗೊತ್ತಾಯಿತು. 2010ರಲ್ಲಿ ಹನ್ನೆರಡು ವರ್ಷದ ಹುಡುಗಿಯಾಗಿದ್ದವಳು ಈಗ ಮಕ್ಕಳ ತಾಯಿ. ಅವಳಿಗೆ ಆ ವಯಸ್ಸು ಮತ್ತೆ ಬರುವುದಿಲ್ಲ. ಸಿಕ್ಕಿಂನಲ್ಲಿ 2018ರಲ್ಲಿ ಇಡೀ ರಾಜ್ಯದ ಹುಡುಗಿಯರಿಗೆ ಸರ್ಕಾರವೇ ಕೊಟ್ಟಿತು, ಶಾಲೆ ಶಾಲೆಗೆ ಹೋಗಿ ತಂದೆತಾಯಿಯರೊಡನೆ ಮಾತಾಡಿ. ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಹಾಕಿಸಿಕೊಂಡರು. ಆಫ್ರಿಕದ ರುವಾಂಡ, ಹತ್ಯಾಕಾಂಡದಿಂದ ಎದ್ದು ಬಂದ ಬಡ ದೇಶ, 2011ರಲ್ಲೇ ಇದನ್ನು ಮಾಡಿತ್ತು. ಬಡವರು ಒಪ್ಪುವುದಿಲ್ಲ ಅನ್ನುವವರಿಗೂ ಇದು ಉತ್ತರ, ಬಡವರಿಗೆ ಬೇಡ ಅಂತ ಅವರ ಪರವಾಗಿ ಹೇಳಿದ ನಮಗೂ ಇದು ಉತ್ತರ.

ಪುಣೆಯ ಸೀರಂ ಸಂಸ್ಥೆಯ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದ ಮೇಲೆ ಬೆಲೆಯ ನೆಪವೂ ಸಣ್ಣದಾಯಿತು. 2024ರ ಫೆಬ್ರವರಿಯ ಕೇಂದ್ರ ಬಜೆಟ್ ಭಾಷಣದಲ್ಲಿ 9ರಿಂದ 14ರ ಹುಡುಗಿಯರ ಲಸಿಕೆಗೆ 'ಉತ್ತೇಜನ' ಕೊಡುತ್ತೇವೆ ಅಂದರು. ಉತ್ತೇಜನ ಒಂದು ವಿಚಿತ್ರ ಪದ. ಇದ್ದವನನ್ನು ಉತ್ತೇಜಿಸಬಹುದು, ಇಲ್ಲದವನಿಗೆ ಕೊಡಬೇಕು. ದುಡ್ಡಿಲ್ಲದೆ, ಸಾಲು ನಿಲ್ಲಿಸದೆ, ಪ್ರತಿ ಹಾಸ್ಟೆಲಿಗೆ, ಪ್ರತಿ ಕಾಲನಿಗೆ, ಮಲೆಕುಡಿಯರ ಕಾಡಿನೊಳಗಿನ ಮನೆಗಳಿಗೂ ಸರ್ಕಾರವೇ ಸೂಜಿ ತಲುಪಿಸಬೇಕು ಅನ್ನುವುದು ನಮ್ಮ ಬೇಡಿಕೆ. ಆದರೆ ಸಹಿ ತಾಯಿಯದೇ ಆಗಬೇಕು. ಅವಳ ಭಾಷೆಯಲ್ಲಿ, ಬೀಡಿಯ ಕೆಲಸ ಮುಗಿದ ಹೊತ್ತಿನಲ್ಲಿ, ಗಂಡಸರು ಎದ್ದು ಹೋದ ಮೇಲೆ ಕೂತು ಹೇಳಬೇಕು. ಹುಡುಗಿಯನ್ನೂ ಕೇಳಬೇಕು. ಹದಿಮೂರು ವರ್ಷದವಳಿಗೆ ತನ್ನ ಮೈಯ ಬಗ್ಗೆ ಕೇಳುವ ಬುದ್ಧಿ ಉಂಟು. ಮರುದಿನ ಜ್ವರ ಬಂದರೆ ಯಾರ ಬಾಗಿಲು ತಟ್ಟಬೇಕು ಅನ್ನುವ ಹೆಸರು, ನಂಬರು ಬರೆದು ಕೊಡಬೇಕು. ಇನ್ನು ಮೇಷ್ಟ್ರುಗಳಿಗೆ ಒಂದು ಮಾತು, ನಾವೂ ಮೇಷ್ಟ್ರುಗಳೇ ಆದ್ದರಿಂದ ಹೇಳುತ್ತೇವೆ: ಮೇಲಿನಿಂದ ಗುರಿ ಬರುತ್ತದೆ, ಸಂಜೆಯೊಳಗೆ ಪಟ್ಟಿ ಕಳಿಸಿ ಅಂತ ಫೋನು ಬರುತ್ತದೆ, ಎಷ್ಟೋ ಒಪ್ಪಿಗೆ ಪತ್ರ ಬಾಕಿ ಇರುತ್ತದೆ. ಆಗ ಪೆನ್ನು ಜೇಬಿನಲ್ಲೇ ಇರಲಿ. ಖಮ್ಮಮ್ಮಿನ ಆ ವಾರ್ಡನ್ನರೂ ಕೆಟ್ಟವರಾಗಿರಲಿಕ್ಕಿಲ್ಲ, ಪಟ್ಟಿ ಮುಗಿಸುವ ಅವಸರದಲ್ಲಿದ್ದವರು.

ನಾವು ಅಳದಂಗಡಿಯ ಆ ಜಗಲಿಗೆ ಎರಡನೆಯ ಸಲ ಹೋದೆವು. ಈ ಸಲ ಕರಪತ್ರ ಇರಲಿಲ್ಲ. ಮೊದಲು ಯಾರ ಮಕ್ಕಳಿಗೆ ಕೊಟ್ಟರು ಅನ್ನುವುದನ್ನು ಇಲ್ಲಿ ಬರೆದ ಹಾಗೆಯೇ, ಖಮ್ಮಮ್ಮನ್ನೂ ಬಿಡದೆ, ಸ್ಕಾಟ್ಲೆಂಡನ್ನೂ ಬಿಡದೆ ತುಳುವಿನಲ್ಲಿ ಹೇಳಿದೆವು. ನಮ್ಮ ಜೊತೆಗಿದ್ದ ಟೀಚರೊಬ್ಬರು ತಮ್ಮ ಮಗಳಿಗೆ ಹಾಕಿಸಿದ್ದನ್ನೂ, ಎಷ್ಟು ದುಡ್ಡು ಕೊಟ್ಟೆ ಅನ್ನುವುದನ್ನೂ ಹೇಳಿದರು. ಅದನ್ನು ಹೇಳಲಿಕ್ಕೆ ಅವರಿಗೆ ಸ್ವಲ್ಪ ಕಷ್ಟವಾಯಿತು. ಕೇಳಿದವರು ಹೆಚ್ಚು ನಂಬಿದ್ದು ಆ ಮಾತನ್ನೇ. ಖಮ್ಮಮ್ಮಿನ ವಿಷಯ ಹೇಳಿದರೆ ಹೆದರುತ್ತಾರೆ ಅಂತ ನಮ್ಮಲ್ಲೊಬ್ಬ ಗೆಳೆಯ ಬೇಡ ಅಂದಿದ್ದ. ಯಾರೂ ಹೆದರಲಿಲ್ಲ. "ಹಾಗಾದರೆ ಸೈನ್ ನಾವೇ ಹಾಕಬೇಕು" ಅಂದರು, ಅಷ್ಟೇ.

ಮೊದಲ ದಿನ ಪ್ರಶ್ನೆ ಕೇಳಿದ್ದ ಅಕ್ಕ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಡ್ಪೆಯನ್ನು ಪಕ್ಕಕ್ಕಿಟ್ಟು ಟೀಚರನ್ನು ಮಾತ್ರ ಒಳಗೆ ಕರೆದರು. ಮಗಳಿಗೆ ಸೂಜಿ ಹಾಕಿಸುವ. ನನ್ನದು ಎಂತ ಮಾಡುವುದು? ಎರಡು ವರ್ಷ ಆಯ್ತು, ನಿಲ್ಲುವುದೇ ಇಲ್ಲ, ಯಾರ ಹತ್ತಿರ ಹೇಳುವುದು?

ಈ ದೇಶದಲ್ಲಿ 30ರಿಂದ 49ರ ಪ್ರಾಯದ ಹೆಂಗಸರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರಿನ ತಪಾಸಣೆ ಆದವರು ನೂರಕ್ಕೆ ಇಬ್ಬರೂ ಇಲ್ಲ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹತ್ತಿಯಲ್ಲಿ ವಿನೆಗರಿನಂಥ ದ್ರಾವಣ ಹಚ್ಚಿ ಕಣ್ಣಲ್ಲೇ ನೋಡುವ ಪರೀಕ್ಷೆಯೂ ಉಂಟು, ಕೆಲವು ನಿಮಿಷದ ಕೆಲಸ. ಲಸಿಕೆಯ ಕರಪತ್ರಕ್ಕೆ ತಾಯಿ ಬೇಕಾದದ್ದು ಸಹಿಗೆ ಮಾತ್ರ. ಅವಳಿಗೂ ಗರ್ಭಚೀಲ ಉಂಟು ಅನ್ನುವುದು ಬರೆದವರಿಗೆ ಮರೆತಿತ್ತು. ಮೊದಲ ದಿನ ಓದಿ ಹೇಳಿದ ನಮಗೂ ಮರೆತಿತ್ತು.

ಮರುದಿನ ಬೀಡಿ ಕೊಡುವ ದಿನವಲ್ಲ. ಬೆಳಿಗ್ಗೆ ಬೆಳ್ತಂಗಡಿಯ ಬಸ್ಸಿಗೆ ಅಳದಂಗಡಿ ಪೇಟೆಯಲ್ಲಿ ಟೀಚರೂ ಅವರೂ ನಿಂತಿದ್ದರು. ಅವರ ಹಿಂದೆ, ನಾವು ಕರೆಯದೆಯೇ, ಇನ್ನೂ ಇಬ್ಬರು ಬಂದಿದ್ದರು.